ಡಾಕ್ಟರರ ಚೀಟಿ ಕನ್ನಡದಲ್ಲೇ ಇರಬೇಕೇ?

ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಲಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ 2024ರಲ್ಲಿ ಆರೋಗ್ಯ ಸಚಿವರನ್ನು ಕೇಳಿದ್ದರು. ಬೆಂಗಳೂರಲ್ಲಿ ಎದ್ದ ಆ ಮಾತು ಕಲಬುರಗಿ ಜಿಲ್ಲೆಯ ತೆಂಗಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ದವಾಖಾನೆಗಳಿಗೆ ಹೊಂದುತ್ತದೆಯೇ?

ಪರ

ಚೀಟಿಯನ್ನು ಓದಬೇಕಾದವರು ಯಾರು? ಔಷಧ ಅಂಗಡಿಯವರು ಎಂದೇ ಇಷ್ಟು ದಿನ ನಡೆದುಬಂತು. ಗುಳಿಗೆ ನುಂಗುವವರಿಗೆ ಸಿಗುವುದು ‘ಬಿಡಿ’, ‘ಟಿಡಿಎಸ್’, ‘ಎಸ್‌ಒಎಸ್’ ಎಂಬ ಲ್ಯಾಟಿನ್ ಗುರುತುಗಳು. ಔಷಧದ ಮೂಲ ಹೆಸರನ್ನು ಓದಲು ಬರುವಂತೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ಮಾಡಿತು. ದೊಡ್ಡಕ್ಷರದಲ್ಲಿ ಬರೆದರೂ ಇಂಗ್ಲಿಷ್ ಇಂಗ್ಲಿಷೇ.

ಗೊತ್ತಾಗದಿದ್ದರೆ ಏನಾಗುತ್ತದೆ? ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಜೀವಕ್ಕೇ ಕುತ್ತು. ‘ವಾರಕ್ಕೊಮ್ಮೆ, ಸೋಮವಾರ ಮಾತ್ರ’ ಎಂದು ಕನ್ನಡದಲ್ಲಿ ಬರೆಯಲು ಎಷ್ಟು ಶಾಯಿ ಬೇಕು? ಅಜ್ಜಿಗೆ ಓದು ಬಾರದಿದ್ದರೂ ಐದನೇ ಇಯತ್ತೆಯ ಮೊಮ್ಮಗಳು ಓದಿ ಹೇಳುತ್ತಾಳೆ.

2017ರಲ್ಲಿ ಬಿಎಂಜೆ ಓಪನ್ ಪತ್ರಿಕೆ 67 ದೇಶಗಳ ಲೆಕ್ಕ ಪ್ರಕಟಿಸಿತು. ಪ್ರಾಥಮಿಕ ಹಂತದಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ 22 ನಿಮಿಷ ದಾಟಿದರೆ ಭಾರತದಲ್ಲಿ ಸುಮಾರು 2 ನಿಮಿಷ. ಅಷ್ಟರಲ್ಲಿ ಕೇಳಿದ್ದೆಲ್ಲ ಯಾರಿಗೆ ನೆನಪಿರುತ್ತದೆ? ಮನೆ ಮುಟ್ಟುವುದು ಚೀಟಿಯೊಂದೇ.

ವಿರೋಧ

ಗುಳಿಗೆ ಯಾವಾಗ, ಎಷ್ಟು ಎಂಬುದನ್ನು ಕನ್ನಡದಲ್ಲಿ ಬರೆಯಲಿ, ಅದಕ್ಕೆ ತಕರಾರಿಲ್ಲ. ತಕರಾರು ಔಷಧದ ಹೆಸರಿನದು. ಗುಳಿಗೆಯ ಪಟ್ಟಿಯ ಮೇಲೆ ಅಚ್ಚಾಗಿರುವುದು ಇಂಗ್ಲಿಷ್. ಚೀಟಿಯ ಹೆಸರನ್ನೂ ಪಟ್ಟಿಯ ಹೆಸರನ್ನೂ ಅಕ್ಷರಕ್ಕೆ ಅಕ್ಷರ ಹಿಡಿದು ನೋಡುವುದೇ ತಪ್ಪು ತಡೆಯುವ ದಾರಿ. ಹೈಡ್ರಾಲಜಿನ್ ರಕ್ತದೊತ್ತಡಕ್ಕೆ, ಹೈಡ್ರಾಕ್ಸಿಜಿನ್ ತುರಿಕೆಗೆ. ಅವಸರದ ಕೈಬರಹದಲ್ಲಿ ಎರಡೂ ಒಂದೇ ಕಂಡರೆ ಯಾವ ಲಿಪಿಯೂ ಕಾಯುವುದಿಲ್ಲ, ಹೊಸ ಲಿಪಿಯಂತೂ ಗೊಂದಲ ಹೆಚ್ಚಿಸುತ್ತದೆ.

ಇನ್ನು ನಮ್ಮ ಊರುಗಳ ಮಾತು. ಸೇಡಂನವರಿಗೆ ತೆಲಂಗಾಣದ ತಾಂಡೂರು ಹತ್ತಿರ. ದೊಡ್ಡ ಬೇನೆ ಬಂದರೆ ಕಲಬುರಗಿ ಮುಗಿಸಿ ಹೈದರಾಬಾದ್ ಇಲ್ಲವೇ ಸೊಲ್ಲಾಪುರದ ರೈಲು ಹತ್ತುತ್ತಾರೆ. ಅಲ್ಲಿನ ಡಾಕ್ಟರು ಹಳೆ ಚೀಟಿ ಕೇಳುತ್ತಾರೆ. ಕನ್ನಡದ ಚೀಟಿಯನ್ನು ಅಲ್ಲಿ ಓದುವವರು ಯಾರು?

ಕನ್ನಡ ಬರೆದರೆ ಇಲ್ಲಿಯ ಎಲ್ಲರಿಗೂ ತಲುಪುತ್ತದೆ ಎಂಬುದೂ ಅರ್ಧ ಸತ್ಯ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 65ರ ಆಸುಪಾಸು. ತಾಂಡಾಗಳಲ್ಲಿ ಲಂಬಾಣಿ, ಶಹಾಬಾದಿನ ಓಣಿಗಳಲ್ಲಿ ದಖ್ಖನಿ ಉರ್ದು, ವಾಡಿಯ ಸಿಮೆಂಟ್ ಕಾರ್ಖಾನೆ ಕಡೆ ಹಿಂದಿ. ಭಾಷೆಯ ಅಭಿಮಾನ ಒಳ್ಳೆಯದೇ, ಆದರೆ ಜ್ವರ ಬಂದವರ ಮೇಲೆ ಅದನ್ನು ಪರೀಕ್ಷಿಸಬಾರದು.

ನಿಜವಾದ ತೊಡಕು ಚೀಟಿಗಿಂತ ಮುಂಚೆಯೇ ಶುರುವಾಗುತ್ತದೆ. ‘ಚಕ್ಕರ್ ಬರ್ತದ್ರಿ, ಎದಿ ಉರೀತದ್ರಿ’ ಎನ್ನುವಷ್ಟರಲ್ಲಿ ಡಾಕ್ಟರು ಬರೆಯಲು ಶುರುಮಾಡಿರುತ್ತಾರೆ. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಸಂಶೋಧಕರು ಅಮೆರಿಕದಲ್ಲಿ ನೋಡಿದಾಗಲೂ ವೈದ್ಯರು ಸರಾಸರಿ 18 ಸೆಕೆಂಡಿಗೆ ರೋಗಿಯ ಮಾತು ತಡೆಯುತ್ತಿದ್ದರು. ಅಂದರೆ ಇದು ಬರೀ ನಮ್ಮ ಭಾಗದ ರೋಗವಲ್ಲ. ಎಂಬಿಬಿಎಸ್ ಪಠ್ಯದಲ್ಲಿ 2019ರಿಂದ ರೋಗಿಯೊಡನೆ ಮಾತಾಡುವ ಪಾಠವೂ ಸ್ಥಳೀಯ ಭಾಷೆಯ ಕಲಿಕೆಯೂ ಸೇರಿವೆ. ಆದೇಶ ಹೊರಡಿಸುವವರು ಆ ಪಾಠ ಸೇಡಂ, ಚಿಂಚೋಳಿಗೆ ಬರುವ ಹೊಸ ವೈದ್ಯರ ಬಾಯಲ್ಲಿ ಎಷ್ಟು ಉಳಿದಿದೆ ಎಂದು ಮೊದಲು ನೋಡಲಿ.

ಕೈಗೆ ಚೀಟಿ ಕೊಡುವ ಮುಂಚೆ ‘ಯವ್ವಾ, ಮನಿಗ್ ಹೋಗಿ ಈ ಗುಳಿಗಿ ಹ್ಯಾಂಗ ತಗೋತಿ, ನನಗ ಹೇಳು ನೋಡಮಿ’ ಎಂದು ಕೇಳಿದರೆ ಓದು ಬಾರದವರಿಗೂ ಅದು ಸಾಕು. ಲಂಬಾಣಿ ಮಾತಾಡುವ ಮುದುಕಿ ಬಂದರೆ ಅದೇ ತಾಂಡಾದ ಆಶಾ ಕಾರ್ಯಕರ್ತೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಲಿ. ಅದಕ್ಕೆ ಇನ್ನೊಂದು ನಿಮಿಷ ಬೇಕು. ಆ ನಿಮಿಷ ಸಿಗಬೇಕಾದರೆ ಖಾಲಿ ಬಿದ್ದಿರುವ ವೈದ್ಯರ ಹುದ್ದೆಗಳನ್ನು ತುಂಬಬೇಕು.