ನೀರನ್ನು ಕೊಂಡವರು ನೀರನ್ನು ಉಳಿಸಿದರೇ?



2024ರ ಬೇಸಗೆಯನ್ನು ಬೆಂಗಳೂರಿನಲ್ಲಿ ನೆಲೆಸಿರುವ ನೀವು ಮರೆತಿರಲಾರಿರಿ. ಹಿಂದಿನ ವರ್ಷ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ನಗರದಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಎಷ್ಟೋ ಬಡಾವಣೆಗಳಲ್ಲಿ ನಲ್ಲಿಗಳು ನಿಂತವು. ಆಗ ಆ ಮಹಾನಗರ ನಡೆದುಕೊಂಡ ರೀತಿಯನ್ನು ನಾವು ನಿಷ್ಠುರವಾಗಿ ವಿಚಾರಿಸಬೇಕಾಗಿದೆ. ಏಕೆಂದರೆ ಆ ನಗರವೆಂದರೆ ಬೇರೆ ಯಾರೋ ಅಲ್ಲ; ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು, ಓದಿ, ಅಲ್ಲಿ ಉದ್ಯೋಗ ಹಿಡಿದ ನೀವೂ ಅದರಲ್ಲಿ ಸೇರಿದ್ದೀರಿ.

ಹಣವುಳ್ಳವರು ಟ್ಯಾಂಕರುಗಳ ಬೆನ್ನು ಹತ್ತಿದರು. ಬೆಲೆ ಏರಿತು. ಕೊನೆಗೆ 5 ಕಿಲೋಮೀಟರಿನೊಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತವೇ ದರ ಗೊತ್ತುಪಡಿಸಬೇಕಾಯಿತು. ಹಣವಿಲ್ಲದ ತಾಯಂದಿರು ಕೊಡ ಹಿಡಿದು ಬಿಸಿಲಿನಲ್ಲಿ ಸಾಲುಗಟ್ಟಿದರು. ಕುಡಿಯುವ ನೀರಿನಿಂದ ಕಾರು ತೊಳೆದರೆ, ಕೈದೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ನೆರೆಮನೆಯವನ ಕೊಡ ಬರಿದಾಗಿರುವಾಗ ಕಾರು ತೊಳೆಯಬಾರದೆಂಬ ಅರಿವು ಹುಟ್ಟಲು ಸುಶಿಕ್ಷಿತರಿಗೂ ದಂಡದ ಭಯವೇ ಬೇಕಾಯಿತೇ?

“ನಾವು ತೆರಿಗೆ ಕೊಡುತ್ತೇವೆ, ನೀರು ಕೊಡುವುದು ಸರ್ಕಾರದ ಹೊಣೆ” ಎನ್ನುವವರುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರೊದಗಿಸಲೆಂದು ಕೈಗೊಂಡ ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಈ ವಿಳಂಬವನ್ನು ಸಮರ್ಥಿಸುವುದು ನಮ್ಮ ಕೆಲಸವಲ್ಲ. ಆದರೆ ಉಳಿದರ್ಧ ಸತ್ಯವೇನು? ಕಾವೇರಿ ತಾನಾಗಿ ಬೆಂಗಳೂರಿಗೆ ಹರಿದು ಬರುವವಳಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರ, ಯಂತ್ರಗಳು ಅವಳನ್ನು ಹಂತಹಂತವಾಗಿ ಎತ್ತಿ ತರಬೇಕು. ಎತ್ತುವ ವೆಚ್ಚವನ್ನು ಹಣದಿಂದ ತೀರಿಸಬಹುದು. ಅದೇ ನದಿಯನ್ನು ನಂಬಿ ಗದ್ದೆ ಉಳುವ ರೈತನ ಋಣವನ್ನು ಯಾವ ಬಿಲ್ಲಿನಿಂದ ತೀರಿಸುವಿರಿ?

ಇದ್ದ ನೀರನ್ನಾದರೂ ಕಾಪಾಡಿದೆವೇ? ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಮಳೆನೀರು ಕೊಯ್ಲನ್ನು ಬೆಂಗಳೂರಿನಲ್ಲಿ ಕಡ್ಡಾಯಗೊಳಿಸಿ 2009ರಲ್ಲಿಯೇ ಕಾನೂನು ಬಂದಿತು. ಆದರೂ ಅದನ್ನು ಅಳವಡಿಸದೆ, ತಿಂಗಳು ತಿಂಗಳು ನೀರಿನ ಬಿಲ್ಲಿನೊಡನೆ ದಂಡವನ್ನೂ ತೆತ್ತು ಸುಮ್ಮನಿರುವ ಮನೆಗಳು ಎಷ್ಟಿಲ್ಲ! ಅಧರ್ಮಕ್ಕೂ ಕಂತು ಕಟ್ಟಿ ನೆಮ್ಮದಿಯಿಂದ ನಿದ್ರಿಸುವ ಈ ವ್ಯವಹಾರವನ್ನು ಸಂಸ್ಕಾರವೆನ್ನಲು ನಮ್ಮ ನಾಲಗೆ ಏಳದು.

ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟಿಸಿದ ಮಹಾನುಭಾವರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರನ್ನು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಪ್ರಭುದೇವರು ಹಳಿದದ್ದು ಕೆರೆಯನ್ನಲ್ಲ. ನಾನು ಕಟ್ಟಿದೆನೆಂಬ ಅಹಂಕಾರವನ್ನು. ನಾವಾದರೋ ಕೆರೆಯನ್ನು ಕಟ್ಟಲಿಲ್ಲ, ಅಹಂಕಾರವನ್ನು ಮಾತ್ರ ಬಿಡಲಿಲ್ಲ.

ಪಾದೋದಕವನ್ನು ಅಷ್ಟಾವರಣಗಳಲ್ಲಿ ಒಂದೆಂದು ಎಣಿಸಿದ ಧರ್ಮ ನಮ್ಮದು. ಅಂಗೈಯ ಒಂದು ಗುಟುಕನ್ನು ಚೆಲ್ಲದಂತೆ ಕಣ್ಣಿಗೊತ್ತಿಕೊಂಡು ಸ್ವೀಕರಿಸುವ ಭಕ್ತನು ಮಾಳಿಗೆಯ ತೊಟ್ಟಿ ತುಂಬಿ ಹರಿಯುವುದನ್ನು ಕಂಡೂ ಕಾಣದಂತಿದ್ದರೆ, ಆ ಆಚರಣೆಗೆ ಅರ್ಥವೇನುಳಿಯಿತು? ಪಂಕ್ತಿಯಲ್ಲಿ ಕುಳಿತು ಒಂದು ಅಗುಳನ್ನೂ ಬಿಡದೆ ಉಣ್ಣುವುದನ್ನು ನೀವು ಇಲ್ಲಿ ಕಲಿತಿರಿ. ಅನ್ನ ಪ್ರಸಾದವಾದರೆ ಅದನ್ನು ಬೇಯಿಸಿದ ನೀರೂ ಪ್ರಸಾದವಲ್ಲವೇ? ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿದ ಮೇಲೆಯೇ ಕೈಯಿಟ್ಟವರು ನಗರದಲ್ಲಿ ಮೊದಲ ಟ್ಯಾಂಕರಿಗಾಗಿ ನೂಕಾಡುವುದು ತರವೇ?

ಆದ್ದರಿಂದ, ಬಂಧುಗಳೇ, ಕಾವೇರಿಯ ಹೊಸ ಕೊಳವೆ ಬಂದಿತೆಂದು ಆ ಬೇಸಗೆಯನ್ನು ಮರೆಯಬೇಡಿರಿ. ಮುಂದಿನ ಮಳೆ ಬೀಳುವುದರೊಳಗೆ ನಿಮ್ಮ ಛಾವಣಿಯ ನೀರಿಗೆ ಒಂದು ತೊಟ್ಟಿಯನ್ನೋ ಇಂಗುಗುಂಡಿಯನ್ನೋ ಸಿದ್ಧಪಡಿಸಿರಿ. ನಿಮ್ಮ ಪಾತ್ರೆ ತೊಳೆಯುವ ತಾಯಿಯ ಮನೆಗೆ ನೀರು ಬಂದಿತೇ ಎಂದು ಕೇಳಿರಿ. ಬಾರದಿದ್ದರೆ ನಿಮ್ಮದರಲ್ಲಿ ಪಾಲು ಕೊಡಿರಿ. ನಿಮ್ಮ ಬಡಾವಣೆಯ ಕೆರೆಗೆ ಕಸ ಬೀಳದಂತೆ ಕಾಯಲು ವಾರಕ್ಕೊಂದು ಗಳಿಗೆ ಮೀಸಲಿಡಿರಿ. ಇದು ಕಾಯಕ, ಇದೇ ದಾಸೋಹ. ಇಷ್ಟನ್ನೂ ಮಾಡಲಾರದವರು ನಲ್ಲಿ ನಿಂತ ದಿನ ಸರ್ಕಾರವನ್ನು ಬಯ್ಯುವ ಮೊದಲು ಒಮ್ಮೆ ತಮ್ಮ ಅಂತರಂಗವನ್ನು ಮುಟ್ಟಿ ನೋಡಿಕೊಳ್ಳಲಿ.