ಫೋರ್ ವೀಲ್ ಇದ್ರೆ ಸಾಕಾ?

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಮುರಿಯೋದೇ ಮಳೆಗಾಲದಲ್ಲಿ. ಸೊಪ್ಪನ್ನ ಬ್ಯಾರನ್‌ಗೆ ಸಾಗಿಸೋ ಕೆಮ್ಮಣ್ಣಿನ ದಾರಿ ಬೆಣ್ಣೆ ಥರ ಜಾರುತ್ತೆ. ಹಾಗಂತ ಫೋರ್ ವೀಲ್ ಜೀಪ್ ಕೊಂಡವರೆಲ್ಲ ದಪ್ಪ ಬಟನ್‌ನ ಮಡ್ ಟೈರ್ ಹಾಕಿಸ್ತಿದಾರೆ. ನನಗೇನೋ ಇದು ಬರೀ ಶೋಕಿ ಅನ್ಸುತ್ತೆ.

ಅದರ ಅಗಲ ಸಂದುಗಳು ಕೆಸರನ್ನ ಕೊಡವಿ ಎಸೀತವೆ, ಒಪ್ಪೋಣ. ಆದ್ರೆ ಒದ್ದೆ ಡಾಂಬರಿನ ಮೇಲೆ ನೆಲ ಮುಟ್ಟೋ ರಬ್ಬರೇ ಕಮ್ಮಿ. ಬ್ರೇಕ್ ಒತ್ತಿದ ಮೇಲೂ ಗಾಡಿ ಮುಂದಕ್ಕೆ ಜಾರುತ್ತೆ. ಎಚ್.ಡಿ. ಕೋಟೆಯಿಂದ ಮೈಸೂರಿಗೆ ಓಡಾಡೋರಿಗೆ ಡಾಂಬರೇ ಜಾಸ್ತಿ ತಾನೆ? ಆಲ್ ಟೆರೇನ್ ಟೈರ್ ಸಾಕು ಸ್ವಾಮಿ...

ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಸಿಕ್ಕರೆ ಗಾಡಿ ಹೊರಡುತ್ತೆ, ನಿಲ್ಲೋದಕ್ಕೆ ಟೈರಿನ ಹಿಡಿತವೇ ಬೇಕು. ಹಿಮ ಬೀಳೋ ಊರಲ್ಲಿರೋ ನಮ್ಮವರು ಚಳಿಗಾಲಕ್ಕೆ ಬೇರೆ ಟೈರ್ ಹಾಕಿಸೋದೂ ಇದಕ್ಕೇ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾಮೂಲಿ ರಬ್ಬರ್ ಬಿಗಿಯಾಗಿಬಿಡುತ್ತೆ. ನಮಗೆ ಆ ಚಳಿ ಇಲ್ಲ, ಮಳೆ ಇದೆ. ಬಟನ್ 3 ಮಿ.ಮೀ.ಗೆ ಸವೆದಿದ್ದರೆ ಈ ಮುಂಗಾರಿಗೆ ಮೊದಲೇ ಬದಲಾಯಿಸಿ.