ಡಿ2 ಅಂತ ತಕ್ಕಡಿ ಹೇಳುತ್ತೆ, ಕೈ ಏನು ಹೇಳುತ್ತೆ?

ಕನ್ನಡ ಸಂಘದ ಪತ್ರಿಕೆಯಲ್ಲಿ ಗಾಲ್ಫ್ ಯಾಕೆ ಅಂತ ಮೊದಲೇ ಮೂಗು ಮುರಿಯಬೇಡಿ. ನಾನೂ ಗಾಲ್ಫ್ ಆಡುವವನಲ್ಲ. ಬೆಂಗಳೂರಿನಲ್ಲಿ 1876ರಿಂದ ಒಂದು ಗಾಲ್ಫ್ ಕ್ಲಬ್ ಇದೆ, ನಾನು ನೋಡಿರೋದು ಅದರ ಹೊರಗಿನ ರಸ್ತೆ ಮಾತ್ರ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೇ ಸ್ಥಾನಕ್ಕೆ ಬಂದಾಗ ಇಡೀ ಮನೆಯವರು ಎರಡು ದಿನ ಗಾಲ್ಫ್ ಪಂಡಿತರಾಗಿದ್ದೆವು, ಅಷ್ಟೇ. ಆದರೂ ಎರಡನೇ ವರ್ಷದಲ್ಲಿ ಮೆಕ್ಯಾನಿಕ್ಸ್ ಓದುತ್ತಿರುವ ನಮಗೆ ಗಾಲ್ಫ್ ಕೋಲಿನಷ್ಟು ಒಳ್ಳೆಯ ಮೇಷ್ಟ್ರು ಸಿಗೋದು ಕಷ್ಟ ಅಂತ ನನ್ನ ವಾದ. ಯಾಕಂದ್ರೆ ಆ ಆಟದಲ್ಲಿ ನೂರು ವರ್ಷದಿಂದ ಒಂದು ಜಗಳ ನಡೀತಿದೆ. ಒಂದು ಕಡೆ ತಕ್ಕಡಿ ಕೊಡೋ ಸಂಖ್ಯೆ, ಇನ್ನೊಂದು ಕಡೆ ಆಟಗಾರನ ಕೈ.

ಗಾಲ್ಫ್ ಕೋಲಿನಲ್ಲಿ ಇರೋದು ಮೂರೇ ಭಾಗ: ಚೆಂಡಿಗೆ ಬಡಿಯುವ ಹೆಡ್, ಕೈ ಹಿಡಿಯುವ ಗ್ರಿಪ್, ಎರಡನ್ನೂ ಸೇರಿಸುವ ಶಾಫ್ಟ್. ಊರಲ್ಲಿ ಕೊಡಲಿಗೆ, ಗುದ್ದಲಿಗೆ ಹಾಕುವ ಹಿಡಿಯನ್ನ ಕಾವು ಅಂತಾರಲ್ಲ, ಶಾಫ್ಟ್ ಅಂದ್ರೆ ಅದೇ. (ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಈ ಪದ ಗೊತ್ತಾಗಿದ್ದೇ ಹೋದ ವರ್ಷ.) ಮೊದಲು ಹಿಕರಿ ಮರದ ಕಾವು ಇತ್ತು. ಆಮೇಲೆ ಸ್ಟೀಲ್ ಬಂತು, 1970ರ ದಶಕದಲ್ಲಿ ಗ್ರಾಫೈಟ್ ಬಂತು. ಈಗಲೂ ತುಂಬಾ ಆಟಗಾರರು ಹೆಡ್ ಹಾಗೇ ಇಟ್ಟುಕೊಂಡು ಶಾಫ್ಟ್ ಮಾತ್ರ ಬದಲಿಸ್ತಾರೆ. ಬದಲಿಸಿದ ಮೇಲೆ ಒಂದೇ ಗೋಳು: "ಇದು ನನ್ನ ಕೋಲು ಅನ್ನಿಸ್ತಾ ಇಲ್ಲ." ಅಂಗಡಿಯವನು ತಕ್ಕಡಿ ಮೇಲೆ ಇಟ್ಟು ತೋರಿಸ್ತಾನೆ: "ನೋಡಿ ಸಾರ್, ಮೊದಲೂ ಡಿ2, ಈಗಲೂ ಡಿ2."

ಇಬ್ಬರಲ್ಲಿ ಯಾರು ಸರಿ? ಇಬ್ಬರೂ ಸರಿ. ಮಜಾ ಇರೋದೇ ಅಲ್ಲಿ.

ಡಿ2 ಅನ್ನೋದು ಸ್ವಿಂಗ್‌ವೇಟ್ ಅನ್ನೋ ಅಳತೆ. 1920ರ ದಶಕದಲ್ಲಿ ರಾಬರ್ಟ್ ಆಡಮ್ಸ್ ಅನ್ನೋರು ಇದಕ್ಕೊಂದು ತಕ್ಕಡಿ ಮಾಡಿದರು. ಕೋಲಿನ ಗ್ರಿಪ್ ತುದಿಯಿಂದ 14 ಇಂಚು ದೂರದಲ್ಲಿ ಆಧಾರ ಕೊಟ್ಟು, ಹೆಡ್ ಕಡೆಗೆ ಎಷ್ಟು ಜೋರಾಗಿ ವಾಲುತ್ತೆ ಅಂತ ನೋಡೋದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ 14 ಇಂಚಿನ ಬಿಂದುವಿನ ಸುತ್ತ ತೂಕದ ಮೊಮೆಂಟ್. ಸುಮಾರು 50 ಗ್ರಾಂ-ಇಂಚಿಗೆ ಒಂದು ಅಂಕ. ಸಿ9 ಆದಮೇಲೆ ಡಿ0, ಡಿ1, ಡಿ2. ಸರಿ, ಆದರೆ ಆಡುವಾಗ ಕೋಲು ಆ 14 ಇಂಚಿನ ಬಿಂದುವಿನ ಸುತ್ತ ತಿರುಗುತ್ತಾ? ಇಲ್ಲ. ಕೋಲು ತಿರುಗೋದು ಕೈ ಹಿಡಿದ ತುದಿಯ ಹತ್ತಿರ. ಹಾಗಾಗಿ ಬೀಸುವಾಗ ಕೈಗೆ ಎದುರಾಗೋದು ಬರೀ ತೂಕ ಇಂಟು ದೂರ ಅಲ್ಲ, ತೂಕ ಇಂಟು ದೂರದ ವರ್ಗ, ಅಂದ್ರೆ ಮೊಮೆಂಟ್ ಆಫ್ ಇನರ್ಷಿಯಾ. ತಕ್ಕಡಿ ಆ ಪ್ರಶ್ನೆಯನ್ನ ಕೇಳೋದೇ ಇಲ್ಲ.

ಲೆಕ್ಕ ಹಾಕೋಣ, ಪೆನ್ನು ಬೇಕಿಲ್ಲ. ಒಂದು 7 ಐರನ್ ತಗೊಳ್ಳಿ: ಹೆಡ್ 270 ಗ್ರಾಂ, ಸ್ಟೀಲ್ ಶಾಫ್ಟ್ 125 ಗ್ರಾಂ, ಗ್ರಿಪ್ 50 ಗ್ರಾಂ, ಒಟ್ಟು 445. ಸ್ಟೀಲ್ ತೆಗೆದು 75 ಗ್ರಾಂನ ಗ್ರಾಫೈಟ್ ಹಾಕಿದ್ರೆ 50 ಗ್ರಾಂ ಹೋಯ್ತು. ಶಾಫ್ಟಿನ ತೂಕದ ಮಧ್ಯ 14 ಇಂಚಿನ ಬಿಂದುವಿನಿಂದ ನಾಲ್ಕೈದು ಇಂಚು ಆಚೆ ಇರೋದ್ರಿಂದ ಸ್ವಿಂಗ್‌ವೇಟ್ ನಾಲ್ಕೈದು ಅಂಕ ಇಳಿಯುತ್ತೆ. ಇದನ್ನ ಸರಿ ಮಾಡೋಕೆ ಅಂಗಡಿಯವನು ಹೆಡ್‌ಗೆ 10 ಗ್ರಾಂ ಸೀಸದ ಟೇಪ್ ಅಂಟಿಸ್ತಾನೆ. ಹೆಡ್ಡಿನಲ್ಲಿ 2 ಗ್ರಾಂಗೆ ಒಂದು ಅಂಕ ಅಂತ ಲೆಕ್ಕ. ಮತ್ತೆ ಡಿ2 ಬಂತು, ತಕ್ಕಡಿಗೆ ಖುಷಿ.

ಆದರೆ ಏನೇನು ಬದಲಾಯ್ತು ನೋಡಿ. ಒಟ್ಟು ತೂಕ 405 ಗ್ರಾಂ, ಅಂದ್ರೆ 40 ಗ್ರಾಂ ಕಡಿಮೆ. ಬೆರಳ ಮೇಲೆ ಕೋಲು ಸಮವಾಗಿ ನಿಲ್ಲುವ ಜಾಗ ಒಂದೂಕಾಲು ಇಂಚಿಗಿಂತ ಹೆಚ್ಚು ಹೆಡ್ ಕಡೆಗೆ ಸರಿದಿದೆ. ಕೈ ತುದಿಯ ಸುತ್ತಲಿನ ಇನರ್ಷಿಯಾ ಸುಮಾರು ಶೇ. 2 ಇಳಿದಿದೆ. ಜೊತೆಗೆ ಇನ್ನೊಂದು ಇದೆ. ಕ್ಯಾಂಟಿಲಿವರ್ ತುದಿಯಲ್ಲಿ ತೂಕ ಹೆಚ್ಚಾದ್ರೆ ಅದು ನಿಧಾನಕ್ಕೆ ಅಲುಗಾಡುತ್ತೆ ಅಂತ ವೈಬ್ರೇಶನ್ ಪಾಠದಲ್ಲಿ ಬರುತ್ತಲ್ಲ? ಆ 10 ಗ್ರಾಂ ಸೀಸ ಹೊಸ ಶಾಫ್ಟನ್ನ ಸ್ವಲ್ಪ ಮೆತ್ತಗೆ ಮಾಡಿದೆ. ಬ್ಯಾಲೆನ್ಸ್ ಸರಿ ಮಾಡೋಕೆ ಹೋಗಿ ಬಾಗುವ ಗುಣ ಬದಲಾಯ್ತು. ಸಂಖ್ಯೆ ಒಂದೇ, ಕೋಲು ಬೇರೆ. ಆಟಗಾರನ ಗೋಳು ಕಲ್ಪನೆಯಲ್ಲ.

ಇದಕ್ಕಿಂತ ತಮಾಷೆ ಇನ್ನೊಂದಿದೆ. ಗ್ರಿಪ್ ಒಳಗೆ 50 ಗ್ರಾಂ ತುಂಬಿಸಿ. ಅದು ಆಧಾರದ ಈ ಕಡೆ ಇರೋದ್ರಿಂದ ತಕ್ಕಡಿಯಲ್ಲಿ ಸುಮಾರು ಹತ್ತು ಅಂಕ ಇಳಿದು ಡಿ2 ಹೋಗಿ ಸಿ2 ಆಗುತ್ತೆ. ಕಾಗದದ ಮೇಲೆ ಕೋಲು ಹಗುರವಾಯ್ತು, ನಿಜದಲ್ಲಿ 50 ಗ್ರಾಂ ಭಾರವಾಯ್ತು, ಬೀಸುವ ಇನರ್ಷಿಯಾ ಹೆಚ್ಚುಕಮ್ಮಿ ಅಲ್ಲೇ ಇದೆ. ಕ್ರಿಕೆಟ್ ಆಡುವವರಿಗೆ ಇದು ಹೊಸದೇನಲ್ಲ. ಬ್ಯಾಟಿಗೆ ಎರಡು ಗ್ರಿಪ್ ಏರಿಸಿ "ಪಿಕಪ್ ಹಗುರ ಆಯ್ತು ಮಗಾ" ಅನ್ನೋದಿಲ್ವಾ?

ಮಾವ ಕೊಟ್ಟ ಒಂದು ಹಳೇ 7 ಐರನ್ ನನ್ನ ಹತ್ರ ಇದೆ. ಹಾಸ್ಟೆಲಿನಲ್ಲಿ ಗೆಳೆಯರ ಕಣ್ಣಿಗೆ ಟವಲ್ ಕಟ್ಟಿ ಕೊಟ್ಟು ನೋಡಿದೆ. ಹತ್ತು ರೂಪಾಯಿ ನಾಣ್ಯ 7.71 ಗ್ರಾಂ. ಹೆಡ್‌ಗೆ ಒಂದೇ ನಾಣ್ಯ ಅಂಟಿಸಿದಾಗ ಎಲ್ಲರೂ ಭಾರ ಅಂದ್ರು. ಅದನ್ನ ತೆಗೆದು ಗ್ರಿಪ್ ಹತ್ರ ಆರು ನಾಣ್ಯ ಸುತ್ತಿ ಕೊಟ್ಟಾಗ ಒಬ್ಬನನ್ನ ಬಿಟ್ಟು ಉಳಿದವರು "ಹಗುರ ಇದೆಯಲ್ಲೋ" ಅಂದ್ರು. ಕಾಲು ಹೊತ್ತಿನ ಆಟ, ಆದ್ರೆ ಆರು ವಾರದ ಪಾಠಕ್ಕಿಂತ ಚೆನ್ನಾಗಿ ಇನರ್ಷಿಯಾ ಅರ್ಥವಾಯ್ತು.

ಕೈಯನ್ನ ದೇವರು ಮಾಡ್ತಾ ಇಲ್ಲ ನಾನು. ಕೈ ಕೂಡ ಮೋಸ ಹೋಗುತ್ತೆ, ಮೇಲಿನ ಆರು ನಾಣ್ಯವೇ ಸಾಕ್ಷಿ. ಸಾವಿರಾರು ರೂಪಾಯಿ ಕೊಟ್ಟು ಹೊಸ ಶಾಫ್ಟ್ ಹಾಕಿಸಿದವನಿಗೆ ಮೊದಲ ದಿನ ಎಲ್ಲವೂ ಬೆಣ್ಣೆ ಥರ ಅನ್ನಿಸುತ್ತೆ. ಇನ್ನೊಂದು ವಿಷಯ: ಹೆಡ್ಡಿಗೂ ಚೆಂಡಿಗೂ ತಾಕೋದು ಸುಮಾರು ಅರ್ಧ ಮಿಲಿಸೆಕೆಂಡ್ ಅಷ್ಟೇ. ಕೈಯಿಂದ ಮೆದುಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಚೆಂಡು ಹೊರಟಾಗಿದೆ. "ಹೊಡೆತ ಸಖತ್ತಾಗಿ ಕೂತಿತು" ಅನ್ನೋ ಆ ಸುಖ, ಮುಗಿದುಹೋದ ಘಟನೆಯ ವರದಿ. ಆದರೂ ಆ ವರದಿಯಲ್ಲಿ ಮಾಹಿತಿ ಇದೆ. ಬಾಬಿ ಜೋನ್ಸ್ 1930ರಲ್ಲಿ ಒಂದೇ ವರ್ಷ ನಾಲ್ಕೂ ದೊಡ್ಡ ಟೂರ್ನಿ ಗೆದ್ದಿದ್ದು ಹಿಕರಿ ಕಾವಿನ ಕೋಲುಗಳಲ್ಲಿ. ಎಷ್ಟೋ ವರ್ಷದ ಮೇಲೆ ಅವನ್ನ ಉಪಕರಣದಲ್ಲಿ ಅಳೆದಾಗ ಒಂದನ್ನ ಬಿಟ್ಟು ಎಲ್ಲವೂ ಒಂದಕ್ಕೊಂದು ಹೊಂದಿದ್ದವಂತೆ, ಆ ಒಂದು ಕೋಲು ತನಗೆ ಯಾವಾಗಲೂ ಕೈಕೊಡ್ತಿತ್ತು ಅಂತ ಜೋನ್ಸ್ ಹೇಳಿದ್ದರಂತೆ. ಗಾಲ್ಫ್ ಮಂದಿ ಹೇಳಿ ಹೇಳಿ ಸವೆಸಿದ ಕಥೆ ಇದು, ನನಗಂತೂ ಇಷ್ಟ.

ಹಾಗಂತ ಸಂಖ್ಯೆ ಕೊಟ್ಟವರೆಲ್ಲಾ ಪ್ರಾಮಾಣಿಕರೂ ಅಲ್ಲ. ಶಾಫ್ಟಿನ ಮೇಲೆ ಆರ್, ಎಸ್, ಎಕ್ಸ್ ಅಂತ ಬರೆದಿರುತ್ತೆ: ರೆಗ್ಯುಲರ್, ಸ್ಟಿಫ್, ಎಕ್ಸ್‌ಟ್ರಾ ಸ್ಟಿಫ್. ಇದಕ್ಕೆ ಎಲ್ಲರೂ ಒಪ್ಪಿದ ಮಾನದಂಡವೇ ಇಲ್ಲ. ಒಬ್ಬರ ಎಸ್ ಇನ್ನೊಬ್ಬರ ಆರ್ ಆಗಿರಬಹುದು. ಶರ್ಟಿನ ಸೈಜ್ ಥರ. ಗ್ರಿಪ್ ತುದಿಯನ್ನ ಹಿಡಿಕೆಯಲ್ಲಿ ಬಿಗಿದು ನಿಮಿಷಕ್ಕೆ ಎಷ್ಟು ಸಲ ಅಲುಗಾಡುತ್ತೆ ಅಂತ ಎಣಿಸೋ ಪದ್ಧತಿ ಇದಕ್ಕಿಂತ ಎಷ್ಟೋ ವಾಸಿ.

ಈಗ ನಮ್ಮ ಲ್ಯಾಬಿಗೆ ಬನ್ನಿ. ಮೂರು ದಶಮಾಂಶದವರೆಗೆ ಬರೀತೀವಿ, ಹೋದ ಬ್ಯಾಚಿನ ರೆಕಾರ್ಡಿಗೆ ತಾಳೆ ಆದ್ರೆ ಸಹಿ. ಆ ಸರಳನ್ನ ಒಮ್ಮೆ ಕೈಯಲ್ಲಿ ಹಿಡಿದು ಬಾಗಿಸಿ ನೋಡಿದವರು ಎಷ್ಟು ಜನ? ವೈವಾದಲ್ಲಿ "ಯಾವುದು ಹೆಚ್ಚು ಸ್ಟಿಫ್" ಅಂದ್ರೆ ಟೇಬಲ್ ನೋಡ್ತೀವಿ. "ಫೀಲ್" ಅಂದ್ರೆ ಆರ್ಟ್ಸ್‌ನವರ ಮಾತು ಅಂತ ನಗೋದು ಬೇರೆ. ನನ್ನ ಪ್ರಕಾರ ಅದು ಅಹಂಕಾರ. ಕೈಯೂ ತಕ್ಕಡಿಯೂ ಬೇರೆ ಬೇರೆ ಹೇಳಿದಾಗ ಯಾವುದು ಸುಳ್ಳು ಅಂತ ತೀರ್ಪು ಕೊಡೋ ಮೊದಲು, ಯಾವುದು ಯಾವ ಪ್ರಶ್ನೆಗೆ ಉತ್ತರ ಕೊಡ್ತಿದೆ ಅಂತ ಕೇಳಬೇಕಲ್ವಾ?

ಹಾಗಾಗಿ ಒಂದು ಸಣ್ಣ ಬೇಡಿಕೆ. ಮೆಟೀರಿಯಲ್ಸ್ ಲ್ಯಾಬಿನಲ್ಲಿ ಅಳೆಯೋ ಮೊದಲು ಎರಡು ಸರಳು ಕೈಗೆ ಕೊಟ್ಟು, ಯಾವುದು ಎಷ್ಟು ಬಾಗುತ್ತೆ ಅಂತ ನಮ್ಮ ಊಹೆ ಬರೆಸಿ. ರೆಕಾರ್ಡಿನಲ್ಲಿ ಒಂದು ಕಾಲಂ ಹೆಚ್ಚಾಗುತ್ತೆ, ಅದಕ್ಕೆ ಮಾರ್ಕ್ಸ್ ಬೇಡ. ಅಲ್ಲಿಯವರೆಗೆ ಆ 7 ಐರನ್ ನನ್ನ ರೂಮಿನಲ್ಲಿದೆ. ಯಾರು ಬೇಕಾದ್ರೂ ಬನ್ನಿ, ನಾಣ್ಯ ಮಾತ್ರ ನೀವೇ ತರಬೇಕು.